ಕಾರ್ಡು ಕೈಯಲ್ಲಿತ್ತು, ಹೆಸರು ಪಟ್ಟಿಯಲ್ಲಿರಲಿಲ್ಲ: ಗಡಿನಾಡಿನ ಒಂದು ಮನೆಯ ಐದು ಓಟು

ಈ ಮನೆಯವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಊರು, ವಾರ್ಡು, ಬೂತಿನ ನಂಬರು ಹೇಳುವುದಿಲ್ಲ. ಕಾಸರಗೋಡು ಜಿಲ್ಲೆ, ಮಂಜೇಶ್ವರ ಕ್ಷೇತ್ರದ ಒಳಭಾಗ, ಕರ್ನಾಟಕದ ಗಡಿಗೆ ಹತ್ತಿರ. ಇಷ್ಟು ಸಾಕು.

ನಾನು ಇಲ್ಲಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತನಾದವನು. ಈಗ ಊರಿನ ವಾಚನಾಲಯ ನೋಡಿಕೊಳ್ಳುತ್ತೇನೆ. ಸೇವೆಯಲ್ಲಿದ್ದಾಗ ಹಲವು ಸಲ ಚುನಾವಣೆ ಡ್ಯೂಟಿ ಮಾಡಿದ್ದೇನೆ. ನನ್ನ ಮನೆಯಿಂದ ಬೂತಿಗೆ ನಡೆದರೆ ಏಳು ನಿಮಿಷ. ನನ್ನ ಹೆಸರು ಪಟ್ಟಿಯಿಂದ ಒಮ್ಮೆಯೂ ಬಿಟ್ಟುಹೋಗಿಲ್ಲ. ಮಲಯಾಳ ಓದಲು ಬರುತ್ತದೆ. ಪಿಂಚಣಿ ಉಂಟು, ಹಾಗಾಗಿ ಓಟಿನ ದಿನ ಎಂದರೆ ಒಂದು ದಿನದ ಕೂಲಿ ಹೋಗುವ ದಿನ ಅಲ್ಲ. ಓಟು ಹಾಕದವರನ್ನು ಸೋಮಾರಿಗಳೆಂದು ನಾನು ಬಹಳ ವರ್ಷ ಬೈಯುತ್ತಿದ್ದೆ. ಆ ಮಾತನ್ನು ಬಿಡಿಸಿದ್ದು ಈ ಒಂದು ಮನೆ.

ಮನೆ

ಸರಸಕ್ಕನಿಗೆ ಅರವತ್ತು ದಾಟಿದೆ. ಬೀಡಿ ಕಟ್ಟುತ್ತಾರೆ. ಮನೆಯಲ್ಲಿ ಅತ್ತೆ ಇದ್ದಾರೆ, ಎಲ್ಲರಿಗೂ ಅವರು ಅಜ್ಜಿ. ಮಗ ಹರಿ ಮಂಗಳೂರಿನ ಒಂದು ಹೋಟೆಲಿನಲ್ಲಿ ಅಡುಗೆ ಕೆಲಸಕ್ಕಿದ್ದಾನೆ. ಅವನ ಹೆಂಡತಿ ರೇವತಿ ವಿಟ್ಲದ ಕಡೆಯವಳು, 2021ರ ಕೊನೆಗೆ ಮದುವೆಯಾಗಿ ಬಂದವಳು. ಮಗಳು ಮಮತಾಳಿಗೆ ಹುಟ್ಟಿದಾಗಿನಿಂದ ಕೈಕಾಲು ಸೆಟೆದುಕೊಂಡಿವೆ. ನಡೆಯಲು ಆಗುವುದಿಲ್ಲ. ಮಾತು ಅಮ್ಮನಿಗೆ ಮತ್ತು ಅಜ್ಜಿಗೆ ಮಾತ್ರ ಸರಿಯಾಗಿ ತಿಳಿಯುತ್ತದೆ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ನಮ್ಮದು. ಇಂಥ ಮಕ್ಕಳಿರುವ ಮನೆಗಳು ನಮಗೆ ಹೊಸತಲ್ಲ.

ಮನೆಗೆ ರಸ್ತೆ ಇಲ್ಲ. ಡಾಮರು ರಸ್ತೆಯಿಂದ ಇಳಿದು, ಅಡಿಕೆ ತೋಟದ ಬದಿಯಲ್ಲಿ ನಡೆದು, ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಹಾಕಿದ ಕಾಲುಸಂಕ ದಾಟಿ, ಮತ್ತೆ ಗುಡ್ಡೆ ಹತ್ತಬೇಕು. ಮನೆಯಲ್ಲಿ ತುಳು ಮಾತಾಡುತ್ತಾರೆ, ಕನ್ನಡ ಓದುತ್ತಾರೆ. ಮಲಯಾಳ ಕೇಳಿದರೆ ಅರ್ಥವಾಗುತ್ತದೆ, ಅಕ್ಷರ ಗೊತ್ತಿಲ್ಲ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಆಗಿನಿಂದ ನಮ್ಮ ಕಡೆಯ ಎಷ್ಟೋ ಮನೆಗಳ ಸ್ಥಿತಿ ಇದೇ. ಕಿವಿಗೆ ಗೊತ್ತಿರುವ ಭಾಷೆ ಕಣ್ಣಿಗೆ ಗೊತ್ತಿಲ್ಲ.

2021ರ ಏಪ್ರಿಲ್ 6

ಆ ದಿನ ವಿಧಾನಸಭೆ ಚುನಾವಣೆ. ಸರಸಕ್ಕ ಬೆಳಿಗ್ಗೆಯೇ ಬೂತಿಗೆ ಹೋದರು. ಗುರುತಿನ ಚೀಟಿ ಕೈಯಲ್ಲೇ ಇತ್ತು. ಒಳಗಿದ್ದವರು ಪಟ್ಟಿ ಎರಡು ಸಲ ನೋಡಿ "ಹೆಸರಿಲ್ಲ" ಅಂದರು.

"ಕಾರ್ಡು ಉಂಟಲ್ಲ?"

"ಕಾರ್ಡು ಇದ್ದರೆ ಆಗುವುದಿಲ್ಲ, ಪಟ್ಟಿಯಲ್ಲಿ ಹೆಸರು ಬೇಕು."

ಅವರು ಹೇಳಿದ್ದು ಸರಿಯೇ. ಡ್ಯೂಟಿಯಲ್ಲಿದ್ದಾಗ ಅದೇ ಮಾತನ್ನು ನಾನೂ ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿ ಮುಂದಿನವರನ್ನು ಕರೆದಿದ್ದೇನೆ. ಹಿಂದಿರುಗಿ ಹೋದವರು ಆಮೇಲೆ ಎಂತ ಮಾಡಿದರು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಸರಸಕ್ಕನಿಗೆ ಅರ್ಥವಾಗದೆ ಉಳಿದದ್ದು ಒಂದೇ. ಅದಕ್ಕಿಂತ ನಾಲ್ಕು ತಿಂಗಳು ಮೊದಲು, 2020ರ ಡಿಸೆಂಬರ್ 14ಕ್ಕೆ, ಅವರು ಅದೇ ಶಾಲೆಯಲ್ಲಿ ಪಂಚಾಯತ್ ಚುನಾವಣೆಗೆ ಓಟು ಹಾಕಿದ್ದರು. ಆಗ ಇದ್ದ ಹೆಸರು ಈಗ ಎಲ್ಲಿಗೆ ಹೋಯಿತು?

ಇದು ತುಂಬಾ ಜನರಿಗೆ ಗೊತ್ತಿಲ್ಲ. ಕೇರಳದಲ್ಲಿ ಪಂಚಾಯತ್, ನಗರಸಭೆಯ ಪಟ್ಟಿ ಬೇರೆ, ವಿಧಾನಸಭೆ ಮತ್ತು ಲೋಕಸಭೆಯ ಪಟ್ಟಿ ಬೇರೆ. ಮೊದಲನೆಯದು ರಾಜ್ಯ ಚುನಾವಣಾ ಆಯೋಗದ್ದು, ಎರಡನೆಯದು ಭಾರತ ಚುನಾವಣಾ ಆಯೋಗದ್ದು. ಒಂದರಲ್ಲಿ ಹೆಸರಿದ್ದರೆ ಇನ್ನೊಂದರಲ್ಲೂ ಇರಬೇಕೆಂದಿಲ್ಲ. ಡಿಸೆಂಬರಿನಲ್ಲಿ ಓಟು ಹಾಕಿದವರಿಗೆ ಏಪ್ರಿಲಿನಲ್ಲಿ ಪಟ್ಟಿ ನೋಡಬೇಕೆಂದು ಹೊಳೆಯುವುದಾದರೂ ಹೇಗೆ?

ಆ ಸಲ ಮಂಜೇಶ್ವರದಲ್ಲಿ ಗೆದ್ದವರಿಗೂ ಸೋತವರಿಗೂ ಇದ್ದ ಅಂತರ 745 ಓಟು. ಅದಕ್ಕೆ ಮೊದಲು, 2016ರಲ್ಲಿ, 89. ಒಂದು ಓಟಿನಿಂದ ಎಂತ ಆಗ್ತದೆ ಎಂದು ನಮ್ಮ ಕ್ಷೇತ್ರದಲ್ಲಿ ಯಾರೂ ಕೇಳುವ ಹಾಗಿಲ್ಲ.

ನಾವು ಮೊದಲು ಮಾಡಿದ ತಪ್ಪು

2022ರ ಜನವರಿ 25, ರಾಷ್ಟ್ರೀಯ ಮತದಾರರ ದಿನ. ವಾಚನಾಲಯದಲ್ಲಿ ಕಾರ್ಯಕ್ರಮ ಇಟ್ಟೆವು. ಮಕ್ಕಳಿಂದ ಘೋಷಣೆ, ಗೋಡೆಗೆ ಪೋಸ್ಟರ್, ಕೊನೆಗೆ ಚಹಾ. ಬಂದವರನ್ನು ಲೆಕ್ಕ ಹಾಕಿದರೆ ಎಲ್ಲರೂ ತಪ್ಪದೆ ಓಟು ಹಾಕುವವರೇ. ಓಟು ತಪ್ಪಿದವರು ಒಬ್ಬರೂ ಬಂದಿರಲಿಲ್ಲ. ಅಂದು ಸರಸಕ್ಕ ಬ್ರಾಂಚಿಗೆ ಬೀಡಿ ಕೊಡಲು ಹೋಗಿದ್ದರು.

ವಾಚನಾಲಯದ ಒಬ್ಬಳು ಹುಡುಗಿ, ಮಲಯಾಳ ಚೆನ್ನಾಗಿ ಓದುವವಳು, ಸಂಜೆ ಕುರ್ಚಿ ಮಡಚುತ್ತಾ ಕೇಳಿದಳು: "ಮಾಸ್ಟ್ರೇ, ಓಟು ಹಾಕಿ ಅಂತ ಹೇಳಿದೆವು. ಕಳೆದ ಸಲ ಹೋದಾಗ ಎಂತ ಆಯಿತು ಅಂತ ಕೇಳಿದೆವಾ?"

ಇಡೀ ಕೆಲಸ ತಿರುಗಿದ್ದು ಅಲ್ಲಿ. ನಮ್ಮ ಬೂತಿನ ಪಟ್ಟಿಯನ್ನು ಇಳಿಸಿ ಪ್ರಿಂಟ್ ತೆಗೆದೆವು. ಭಾನುವಾರ ಭಾನುವಾರ ಮನೆ ಮನೆಗೆ ಹೋದೆವು. ಘೋಷಣೆ ಇಲ್ಲ, ಭಾಷಣ ಇಲ್ಲ. ಕೇಳಿದ್ದು ಎರಡೇ ಪ್ರಶ್ನೆ. ಮನೆಯಲ್ಲಿ ಹದಿನೆಂಟು ದಾಟಿದವರು ಯಾರೆಲ್ಲ? ಕಳೆದ ಸಲ ಓಟಿಗೆ ಹೋದಾಗ ಎಂತ ಆಯಿತು?

ತಗಡಿನ ಪೆಟ್ಟಿಗೆ

ಸರಸಕ್ಕನ ಮನೆಯಲ್ಲಿ ಕಾಗದಪತ್ರ ಇಡುವುದು ಬಿಸ್ಕತ್ತಿನ ಒಂದು ಹಳೆಯ ತಗಡಿನ ಪೆಟ್ಟಿಗೆಯಲ್ಲಿ. ಅದನ್ನು ಜಗಲಿಗೆ ತಂದು ಸುರಿದರು. ಕರೆಂಟ್ ಬಿಲ್ಲು, ಬೀಡಿ ಕಾರ್ಮಿಕರ ಪಾಸ್‌ಬುಕ್ಕು, ಗಂಡನ ಆಸ್ಪತ್ರೆ ಚೀಟಿಗಳು, ಮಮತಾಳ ಅಂಗವಿಕಲತೆಯ ಸರ್ಟಿಫಿಕೇಟು. ಎಲ್ಲದಕ್ಕೂ ತಂಬಾಕಿನ ವಾಸನೆ. ಗಂಡನ ಸ್ಕ್ಯಾನಿಂಗ್ ರಿಪೋರ್ಟಿನ ಹಿಂದೆ ತುಕ್ಕು ಹಿಡಿದ ಗುಂಡುಸೂಜಿಯಲ್ಲಿ ಚುಚ್ಚಿದ್ದ ನಾಲ್ಕು ಮಡಿಕೆಯ ಒಂದು ಕಾಗದ ಸಿಕ್ಕಿತು. ಮಲಯಾಳದಲ್ಲಿತ್ತು. ಹುಡುಗಿ ಬಿಡಿಸಿ ಓದಿದಳು. ಓದಿ ಸುಮ್ಮನಾದಳು.

ಅದು ನೋಟಿಸು. ನೀವು ಈ ವಿಳಾಸದಲ್ಲಿ ವಾಸ ಇಲ್ಲವೆಂದು ತಿಳಿದುಬಂದಿದೆ, ಹೆಸರು ತೆಗೆಯಲು ಆಕ್ಷೇಪ ಇದ್ದರೆ ಇಂಥ ದಿನ ಬಂದು ಹೇಳಿ.

ಆದದ್ದು ಹೀಗೆ. 2019ರ ಅಕ್ಟೋಬರ್ 21ರ ಉಪಚುನಾವಣೆಯಲ್ಲಿ ಸರಸಕ್ಕ, ಹರಿ ಇಬ್ಬರೂ ಓಟು ಹಾಕಿದ್ದರು. ಮರುತಿಂಗಳು ಗಂಡನಿಗೆ ಕಾಯಿಲೆ ಜೋರಾಯಿತು. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರೇ. ಸಂಬಂಧಿಕರ ಮನೆಯಲ್ಲಿ ಉಳಿದು ಚಿಕಿತ್ಸೆ ಮಾಡಿಸಿದರು. ಅಜ್ಜಿ ಮತ್ತು ಮಮತಾ ಇದೇ ವಾರ್ಡಿನಲ್ಲಿರುವ ಅಜ್ಜಿಯ ಕಿರಿಯ ಮಗನ ಮನೆಯಲ್ಲಿದ್ದರು. ಸರಸಕ್ಕನ ಮನೆಗೆ ಬೀಗ. 2020ರ ಮಾರ್ಚಿನಲ್ಲಿ ಗಂಡ ತೀರಿಕೊಂಡರು. ಅದರ ಬೆನ್ನಿಗೇ ಲಾಕ್‌ಡೌನ್ ಬಂತು, ತಲಪಾಡಿಯಲ್ಲಿ ಗಡಿ ಮುಚ್ಚಿತು. ಊರಿಗೆ ಮರಳಿದ್ದು ಜೂನಿನಲ್ಲಿ. ಈ ನಡುವೆ ಪಟ್ಟಿ ಪರಿಷ್ಕರಣೆಗೆ ಬಂದವರು ಬೀಗ ನೋಡಿದ್ದಾರೆ. ಆಚೀಚೆ ವಿಚಾರಿಸಿದ್ದಾರೆ. "ಅವರು ಮಂಗಳೂರಿಗೆ ಹೋಗಿದ್ದಾರೆ" ಎಂಬ ಉತ್ತರ ಸಿಕ್ಕಿದೆ. ಉತ್ತರ ಕೊಟ್ಟವರು ಸುಳ್ಳು ಹೇಳಲಿಲ್ಲ. "ಹೋಗಿದ್ದಾರೆ" ಎಂಬ ಒಂದು ಮಾತು ಕಾಗದಕ್ಕೆ ಇಳಿಯುವಾಗ "ವಾಸ ಬದಲಿಸಿದ್ದಾರೆ" ಆಯಿತು.

ಹೆಸರು ತೆಗೆಯುವ ಮೊದಲು ನೋಟಿಸು ಕೊಟ್ಟು ಹೇಳಿಕೆ ಕೇಳಬೇಕು ಎಂಬುದು ನಿಯಮ. ಇಲ್ಲಿ ನೋಟಿಸು ಬಂದಿದೆ, ನೆರೆಮನೆಯವರು ಅದನ್ನು ಜೋಪಾನವಾಗಿ ಇಟ್ಟು ಕೊಟ್ಟಿದ್ದಾರೆ. ಸರಸಕ್ಕ ಅದನ್ನು ಆಸ್ಪತ್ರೆಯ ಕಾಗದ ಎಂದುಕೊಂಡು ರಿಪೋರ್ಟಿನ ಜೊತೆ ಚುಚ್ಚಿಟ್ಟಿದ್ದಾರೆ. ನಿಯಮ ಪಾಲಿಸಿದ್ದೂ ಹೌದು, ಸರಸಕ್ಕನಿಗೆ ವಿಷಯ ತಿಳಿಯದೆ ಹೋದದ್ದೂ ಹೌದು.

1969ರ ಕೇರಳ ರಾಜಭಾಷಾ ಕಾಯ್ದೆಯಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಒಂದು ಹಕ್ಕು ಕೊಟ್ಟಿದೆ. ನಮ್ಮ ಪ್ರದೇಶದ ಸರಕಾರಿ ಕಚೇರಿಗಳಿಗೆ ನಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಆದರೆ ನಾವೇ ಬರೆದಾಗ ಮಾತ್ರ ಆ ಹಕ್ಕು ಕೆಲಸಕ್ಕೆ ಬರುತ್ತದೆ. ಏನೂ ಕೇಳದೆ ಮನೆಯಲ್ಲಿ ಕೂತವರಿಗೆ ಬರುವ ಕಾಗದ ಮಲಯಾಳದಲ್ಲೇ ಬರುತ್ತದೆ.

ಎರಡು ಅರ್ಜಿ

ತೆಗೆದ ಹೆಸರನ್ನು ಮತ್ತೆ ಸೇರಿಸಬೇಕಾದರೆ ಹೊಸ ಮತದಾರರ ಹಾಗೆ ಫಾರ್ಮ್ 6 ತುಂಬಬೇಕು. "ನಾನು ಹೊಸಬಳಾ?" ಎಂದು ಸರಸಕ್ಕ ಕೇಳಿದರು. ಮದುವೆಯಾಗಿ ಬಂದಾಗಿನಿಂದ ಒಂದು ಓಟು ಬಿಟ್ಟವರಲ್ಲ.

ಮೊದಲ ಅರ್ಜಿ 2022ರಲ್ಲಿ ಪೇಟೆಯ ಒಂದು ಅಂಗಡಿಯಲ್ಲಿ ಆನ್‌ಲೈನಿನಲ್ಲಿ ಹಾಕಿಸಿದರು. ಅದು ತಿರಸ್ಕಾರವಾಯಿತು. ಆಧಾರಿನಲ್ಲಿ ಸರಸ್ವತಿ, ಹಳೆಯ ಕಾರ್ಡಿನಲ್ಲಿ ಸರಸಮ್ಮ. ಮನೆ ನಂಬರು ಹಳೆಯದು ಒಂದು, ಹೊಸದು ಒಂದು. ಇದನ್ನೆಲ್ಲ ವಿಚಾರಣೆಯಲ್ಲಿ ಹೇಳಬಹುದಿತ್ತು. ಆದರೆ ವಿಚಾರಣೆಯ ಮೆಸೇಜು ಬಂದದ್ದು ಅಂಗಡಿಯ ಹುಡುಗನ ಮೊಬೈಲಿಗೆ. ಸರಸಕ್ಕನ ಹತ್ತಿರ ಫೋನ್ ಇಲ್ಲದ ಕಾರಣ ಅವನು ತನ್ನ ನಂಬರು ಹಾಕಿದ್ದ. ದಿನಕ್ಕೆ ಹತ್ತಾರು ಅರ್ಜಿ ಹಾಕುವವನಿಗೆ ಯಾವ ಮೆಸೇಜು ಯಾರದೆಂದು ನೆನಪಿರುತ್ತದಾ? ಅವನ ತಪ್ಪು ಅಂತ ನಾನು ಹೇಳುವುದಿಲ್ಲ. ಬೇರೆ ಕಡೆ ಇಂಥ ಕೆಲಸ ಮಾಡುವವರು ಇದೊಂದನ್ನು ಮಾತ್ರ ಮರೆಯಬೇಡಿ. ಅರ್ಜಿಯಲ್ಲಿ ಹಾಕುವ ಫೋನ್ ನಂಬರು ಆ ಮನೆಯ ಬಾಗಿಲಿಗೆ ನಡೆದು ಹೋಗಿ ವಿಷಯ ಹೇಳುವವರದ್ದಾಗಿರಬೇಕು.

ಎರಡನೇ ಅರ್ಜಿ 2023ರ ಬೇಸಿಗೆಯಲ್ಲಿ. ಈ ಸಲ ಹುಡುಗಿಯ ನಂಬರು ಹಾಕಿದೆವು. ಎರಡೂ ಹೆಸರು ಒಬ್ಬರದ್ದೇ ಎಂದು ಕನ್ನಡದಲ್ಲಿ ಒಂದು ಪತ್ರ ಬರೆದು ಜೊತೆಗಿಟ್ಟೆವು. ಮೇಜಿನ ಆಚೆ ಕೂತವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಹುಡುಗಿ ಅಲ್ಲೇ ಮಲಯಾಳದಲ್ಲಿ ಹೇಳಿದಳು. ಆಮೇಲೆ ಬಿಎಲ್‌ಒ, ಅಂದರೆ ಬೂತ್ ಮಟ್ಟದ ಅಧಿಕಾರಿ, ಮನೆಗೆ ಬಂದರು. ಕಾಲುಸಂಕ ದಾಟಿ ಬಂದು, ಜಗಲಿಯಲ್ಲಿ ಬೀಡಿ ಎಲೆಯ ಮೊರದ ಪಕ್ಕ ಕೂತು, ನೀರು ಕುಡಿದು, ಸರಸಕ್ಕ ಇದೇ ಮನೆಯಲ್ಲಿ ಇರುವುದನ್ನು ಕಣ್ಣಾರೆ ನೋಡಿ ಬರೆದುಕೊಂಡರು. ಸರಸಕ್ಕ ಮತ್ತು ಹರಿ ಇಬ್ಬರ ಹೆಸರೂ ಸೇರಿತು.

ಲೆಕ್ಕ ಹಾಕಿದೆ. ಎರಡು ವರ್ಷ, ಎರಡು ಅರ್ಜಿ, ಪೇಟೆಗೆ ಐದು ಸಲ ಓಡಾಟ. ಒಂದೊಂದು ಸಲಕ್ಕೆ ಒಂದೊಂದು ದಿನದ ಬೀಡಿ ಕೆಲಸ ಹೋಯಿತು. ಅದೇ ಓಟಿಗೆ ನಾನು ಕೊಡುವುದು ಏಳು ನಿಮಿಷ.

"ಅವಳಿಗೆ ಎಂತಕ್ಕೆ?"

ಹದಿನೆಂಟು ದಾಟಿದವರು ಯಾರೆಲ್ಲ ಎಂದು ಕೇಳಿದಾಗ ಸರಸಕ್ಕ ಮಮತಾಳ ಹೆಸರು ಹೇಳಿರಲಿಲ್ಲ. ಅವಳು ಪಕ್ಕದಲ್ಲೇ ಚಾಪೆಯ ಮೇಲೆ ಇದ್ದಳು. ಆಕಾಶವಾಣಿ ಹಾಕಿಕೊಂಡು ಕೇಳುತ್ತಿದ್ದಳು. ಆಗ ಅವಳಿಗೆ ಇಪ್ಪತ್ತನಾಲ್ಕು.

"ಮಮತಾಳದ್ದು?" ಅಂದೆ.

"ಅವಳಿಗೆ ಎಂತಕ್ಕೆ ಮಾಸ್ಟ್ರೇ? ಅಂಥವರಿಗೆ ಓಟು ಇಲ್ಲ ಅಂತ ಹೇಳಿದ್ದಾರೆ."

ಹಾಗೆ ಹೇಳಿದ್ದು ಯಾರು ಎಂದು ಕೇಳಿದರೆ ಯಾರೂ ಅಲ್ಲ, ಎಲ್ಲರೂ. 1950ರ ಜನಪ್ರತಿನಿಧಿ ಕಾಯ್ದೆಯ 16ನೇ ಸೆಕ್ಷನ್ ಹೇಳುವುದೇ ಬೇರೆ. ಮನಸ್ಸು ಸ್ವಸ್ಥ ಇಲ್ಲವೆಂದು ಅಧಿಕಾರ ಇರುವ ನ್ಯಾಯಾಲಯ ತೀರ್ಮಾನಿಸಿದ್ದರೆ ಮಾತ್ರ ಹೆಸರು ಸೇರಿಸುವ ಹಾಗಿಲ್ಲ. ಅದು ನೆರೆಕರೆಯವರಾಗಲಿ, ಅಧಿಕಾರಿಯಾಗಲಿ, ಮನೆಯವರಾಗಲಿ ತೀರ್ಮಾನಿಸುವ ವಿಷಯ ಅಲ್ಲ. ಮಮತಾಳ ಕೈಕಾಲು ಸೆಟೆದಿವೆ, ಮನಸ್ಸಲ್ಲ. ದಿನವೂ ವಾರ್ತೆ ಕೇಳುವವಳು ಆ ಮನೆಯಲ್ಲಿ ಅವಳೊಬ್ಬಳೇ.

ನಾವು ಮಾತಾಡುತ್ತಿದ್ದಾಗ ಅವಳು ಏನೋ ಹೇಳಿದಳು. ನನಗೆ ತಿಳಿಯಲಿಲ್ಲ. ಅಜ್ಜಿ ಒಳಗಿನಿಂದ ಹೇಳಿದರು: "ನನ್ನ ಫೋಟೋ ತೆಗೀರಿ ಅಂತ ಹೇಳ್ತಿದ್ದಾಳೆ."

ಅರ್ಜಿಗೆ ಫೋಟೋ ಬೇಕೆಂದು ಅವಳು ಕೇಳಿಸಿಕೊಂಡಿದ್ದಳು. ಅಂದೇ ಗೋಡೆಗೆ ಬಿಳಿ ಪಂಚೆ ಕಟ್ಟಿ ಮೊಬೈಲಿನಲ್ಲಿ ಫೋಟೋ ತೆಗೆದೆವು. ಅವಳ ಅರ್ಜಿಗೆ ಒಂದು ತಕರಾರೂ ಬರಲಿಲ್ಲ. ಇಷ್ಟು ವರ್ಷ ತಡವಾದದ್ದಕ್ಕೆ ಯಾವ ಕಚೇರಿಯೂ ಕಾರಣ ಅಲ್ಲ. ಕೇಳುವವರು ಇರಲಿಲ್ಲ, ಅಷ್ಟೆ.

ರೇವತಿಯ ಓಟು

ರೇವತಿಯ ಹೆಸರು ತವರಿನ ಪಟ್ಟಿಯಲ್ಲಿತ್ತು. 2023ರ ಮೇ 10ರ ಕರ್ನಾಟಕ ಚುನಾವಣೆಗೆ ಅಲ್ಲಿಗೇ ಹೋಗಿ ಓಟು ಹಾಕಿ ಬಂದಳು. ಇಲ್ಲಿಗೆ ವರ್ಗ ಮಾಡಿಸೋಣ ಅಂದಾಗ ಸುಮ್ಮನಿದ್ದಳು. ಒಂದೆರಡು ಭಾನುವಾರ ಕಳೆದ ಮೇಲೆ ಹೇಳಿದಳು: "ಅಲ್ಲಿ ಓಟು ಇದ್ದರೆ ಅಮ್ಮನ ಮನೆಗೆ ಹೋಗಲಿಕ್ಕೆ ಯಾರೂ ಬೇಡ ಅನ್ನುವುದಿಲ್ಲ ಮಾಸ್ಟ್ರೇ."

ಆ ಮಾತಿನ ನಂತರ ನಾನು ಒತ್ತಾಯ ಮಾಡಲಿಲ್ಲ. ವಾಸ ಇರುವ ಕಡೆ ಹೆಸರಿರಬೇಕು, ಎರಡು ಕಡೆ ಇರಬಾರದು. ಇದು ಕಾನೂನು, ಅದನ್ನು ಹೇಳಿದೆ. ನಿರ್ಧಾರ ಅವಳದ್ದು. ಮಳೆಗಾಲ ಮುಗಿದ ಮೇಲೆ ಅವಳೇ ಬಂದಳು. ಮಗುವನ್ನು ಎತ್ತಿಕೊಂಡು ಅಂಗನವಾಡಿಗೆ ಹೋಗಲು ಆ ಕಾಲುಸಂಕ ದಾಟಬೇಕು, ಮಳೆಗಾಲ ಪೂರ್ತಿ ಜೀವ ಕೈಯಲ್ಲಿ ಹಿಡಿದು ದಾಟಿದ್ದಳು. "ಇಲ್ಲಿ ಓಟಿಲ್ಲದೆ ಯಾರ ಹತ್ತಿರ ಸಂಕ ಕೇಳುವುದು?"

ತೊಡಕು ವಿಳಾಸದ ದಾಖಲೆಯಲ್ಲಿತ್ತು. ಆಧಾರಿನಲ್ಲಿ ತವರಿನ ವಿಳಾಸ. ಇಲ್ಲಿನ ರೇಷನ್ ಕಾರ್ಡಿಗೆ ಸೇರಿಸಬೇಕಾದರೆ ಅಲ್ಲಿಯದರಿಂದ ತೆಗೆಸಿದ ಪತ್ರ ಬೇಕು. ಒಂದಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು. ಮೂರು ವಾರ ಹೀಗೆಯೇ ಹೋಯಿತು. ಕೊನೆಗೆ ಹೆಸರು ವರ್ಗ ಮಾಡಿಸುವ ಅರ್ಜಿ, ಫಾರ್ಮ್ 8ನ್ನು ಪೂರ್ತಿ ಓದಿದೆವು. ಸಣ್ಣ ಅಕ್ಷರದ ಒಂದು ಸಾಲು ಅದರಲ್ಲೇ ಇತ್ತು. ವಿಳಾಸದ ದಾಖಲೆ ಅರ್ಜಿದಾರರದ್ದೇ ಆಗಬೇಕೆಂದಿಲ್ಲ. ಅದೇ ವಿಳಾಸದಲ್ಲಿ ಈಗಾಗಲೇ ಮತದಾರರಾಗಿರುವ ತಂದೆ, ತಾಯಿ, ಗಂಡ, ಹೆಂಡತಿ ಅಥವಾ ಪ್ರಾಯಕ್ಕೆ ಬಂದ ಮಕ್ಕಳದ್ದೂ ಆಗುತ್ತದೆ. ಹರಿಯ ಬ್ಯಾಂಕ್ ಪಾಸ್‌ಬುಕ್ಕು ಸಾಕಾಯಿತು. ಹರಿಯ ಹೆಸರು ಮೊದಲೇ ಸೇರಿದ್ದರಿಂದ ಇದು ನಡೆಯಿತು. ಗಡಿಯಾಚೆಯಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ನಮ್ಮ ಕಡೆ ಎಷ್ಟೋ ಜನ. ಈ ಒಂದು ಸಾಲನ್ನು ದಯವಿಟ್ಟು ಅವರಿಗೆ ತಲುಪಿಸಿ.

ಐದು ದಿನ, ಒಂದು ಗಂಟು

ಐದು ಹೆಸರೂ ಪಟ್ಟಿಯಲ್ಲಿ ಬಂತು. 2024ರ ಏಪ್ರಿಲ್ 26, ಶುಕ್ರವಾರ, ಲೋಕಸಭೆ ಚುನಾವಣೆ. ಕೆಲಸ ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ.

ಅಜ್ಜಿ 2021ರಲ್ಲಿ ಮನೆಯಲ್ಲೇ ಓಟು ಹಾಕಿದ್ದರು. ಆಗ ಎಂಬತ್ತು ದಾಟಿದವರಿಗೆ ಆ ಸೌಲಭ್ಯ ಇತ್ತು, ಪಟ್ಟಿಯ ಪ್ರಕಾರ ಅವರಿಗೆ 81. ಈ ಸಲವೂ ಅಧಿಕಾರಿಗಳು ಮನೆಗೆ ಬರುತ್ತಾರೆ ಎಂದು ಕಾದಿದ್ದರು. ಆದರೆ 2024ರ ಮಾರ್ಚ್ ಆರಂಭದಲ್ಲೇ ನಿಯಮ ತಿದ್ದಿ ವಯಸ್ಸಿನ ಮಿತಿಯನ್ನು 85ಕ್ಕೆ ಏರಿಸಿದ್ದರು. ಅಜ್ಜಿಗೆ 84. ಮೂರು ವರ್ಷದ ಹಿಂದೆ ಮನೆಯಲ್ಲಿ ಓಟು ಹಾಕಿದವರು, ಮೂರು ವರ್ಷ ಇನ್ನೂ ಮುದುಕಿಯಾದ ಮೇಲೆ, ಬೂತಿಗೆ ನಡೆಯಬೇಕು. ಅಂಗವಿಕಲತೆ ಶೇಕಡಾ 40ಕ್ಕಿಂತ ಕಡಿಮೆ ಇಲ್ಲವೆಂಬ ಸರ್ಟಿಫಿಕೇಟು ಇದ್ದರೆ ಆಗುತ್ತಿತ್ತು. ಕಣ್ಣು ಮಂಜಾದದ್ದಕ್ಕೆ, ಮೊಣಕಾಲು ಬಗ್ಗದಿದ್ದದ್ದಕ್ಕೆ ಅಜ್ಜಿ ಸರ್ಟಿಫಿಕೇಟು ಮಾಡಿಸಿರಲಿಲ್ಲ.

ಮಮತಾಳಿಗೆ ಸರ್ಟಿಫಿಕೇಟು ಇತ್ತು. ಅವಳು 12ಡಿ ಅರ್ಜಿ ಹಾಕಿ ಮನೆಯಲ್ಲೇ ಓಟು ಹಾಕಬಹುದಿತ್ತು. ಅಧಿಸೂಚನೆ ಮಾರ್ಚ್ 28ಕ್ಕೆ ಬಂತು. ಅರ್ಜಿಗೆ ಸಿಗುವುದು ಅಲ್ಲಿಂದ ಐದು ದಿನ. ಅದರೊಳಗೆ ಗುಡ್ ಫ್ರೈಡೆ, ಈಸ್ಟರ್ ಎರಡೂ ಬಂದವು. ಬೇಗ ತೀರ್ಮಾನಿಸಬೇಕಿತ್ತು.

ಮಮತಾ ಮನೆಯಲ್ಲಿ ಹಾಕಿದರೆ ಎಲ್ಲರಿಗೂ ಸುಲಭ. ಸರಸಕ್ಕ ಆಗ ಅಜ್ಜಿಯ ಜೊತೆಗಿರಬಹುದು. ಕಣ್ಣು ಕಾಣದವರಿಗೆ, ಕೈ ಆಡದವರಿಗೆ ಬೂತಿನೊಳಗೆ ಒಬ್ಬರು ಸಹಾಯಕರನ್ನು ಕರೆದುಕೊಂಡು ಹೋಗಲು ಬಿಡುತ್ತಾರೆ. ಆದರೆ ಒಬ್ಬ ಸಹಾಯಕರು ಆ ದಿನ ಒಬ್ಬ ಮತದಾರರಿಗೆ ಮಾತ್ರ. ಇಬ್ಬರೂ ಬೂತಿಗೆ ಹೋದರೆ ಇಬ್ಬರು ಬೇಕು.

ನಾನು ಇದನ್ನೆಲ್ಲ ವಿವರಿಸಿ, ಅರ್ಜಿ ಹಾಕುವುದೇ ಒಳ್ಳೆಯದು ಅಂದೆ. ಮಮತಾ ತಲೆ ಅಲ್ಲಾಡಿಸಿ ಬೇಡ ಎಂದಳು. ಆಮೇಲೆ ಮೆಲ್ಲ ಮೆಲ್ಲ ಹೇಳಿದ್ದನ್ನು ಅಮ್ಮ ತಿಳಿಸಿದರು: "ಅಣ್ಣ ಹೋದ ಶಾಲೆಗೆ ನಾನೂ ಹೋಗಬೇಕು."

ನಮ್ಮ ಬೂತು ಇರುವುದು ಆ ಶಾಲೆಯಲ್ಲಿ. ನಾನು ಪಾಠ ಮಾಡಿದ ಶಾಲೆ. ಮಮತಾಳನ್ನು ಅಲ್ಲಿಗೆ ಸೇರಿಸಲು ಯಾರೂ ತಂದಿರಲಿಲ್ಲ. ನಾನೂ ಹೋಗಿ ಕರೆದಿರಲಿಲ್ಲ. ಮತ್ತೆ ವಾದಿಸಲು ನನ್ನಲ್ಲಿ ಮಾತಿರಲಿಲ್ಲ.

12ಡಿ ಹಾಕಲಿಲ್ಲ. ಮಮತಾಳಿಗೆ ಅಮ್ಮ, ಅಜ್ಜಿಗೆ ಹರಿ ಎಂದು ನಿಶ್ಚಯವಾಯಿತು. ಹರಿಗೆ ರಜೆ ಸಿಗಬೇಕು. 1951ರ ಜನಪ್ರತಿನಿಧಿ ಕಾಯ್ದೆಯ 135ಬಿ ಪ್ರಕಾರ ಓಟಿನ ದಿನ ಕೆಲಸಗಾರರಿಗೆ ಸಂಬಳ ಸಹಿತ ರಜೆ ಕೊಡಲೇಬೇಕು. ಕೊಡದಿದ್ದರೆ ಮಾಲೀಕನಿಗೆ ದಂಡ 500 ರೂಪಾಯಿವರೆಗೆ. ದಕ್ಷಿಣ ಕನ್ನಡದಲ್ಲೂ ಅದೇ ದಿನ ಓಟು ಇದ್ದ ಕಾರಣ ರಜೆ ಸುಲಭ ಅಂದುಕೊಂಡೆವು.

ಓಟಿನ ದಿನ

ಬಿಸಿಲು ಏರುವ ಮೊದಲು ಹೊರಟೆವು. ಗಾಲಿಕುರ್ಚಿಗೆ ಚುನಾವಣಾ ಆಯೋಗದ ಸಕ್ಷಮ್ ಆ್ಯಪಿನಲ್ಲಿ ಕೇಳಿಕೊಂಡಿದ್ದೆವು, ಅದು ಬೂತಿನಲ್ಲಿ ಇತ್ತು. ಆದರೆ ಮನೆಯಿಂದ ರಸ್ತೆವರೆಗೆ ಗಾಲಿ ಉರುಳುವ ದಾರಿ ಎಲ್ಲಿದೆ? ಮಮತಾಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಪಂಚೆಯಿಂದ ಕಟ್ಟಿ, ವಾಚನಾಲಯದ ಇಬ್ಬರು ಹುಡುಗರು ಎತ್ತಿದರು. ಕಾಲುಸಂಕದ ಮೇಲೆ ಕುರ್ಚಿ ಹಿಡಿಯುವುದಿಲ್ಲ. ಏಪ್ರಿಲ್ ಆದ್ದರಿಂದ ತೋಡು ಒಣಗಿತ್ತು, ಕಲ್ಲುಗಳ ಮೇಲೆ ಹೆಜ್ಜೆ ಇಟ್ಟು ದಾಟಿದರು. ಜೂನ್ ಆಗಿದ್ದರೆ ಮಮತಾಳ ಓಟು ಆ ತೋಡಿನ ಬದಿಯಲ್ಲೇ ನಿಲ್ಲುತ್ತಿತ್ತು.

ರಸ್ತೆಯಲ್ಲಿ ಪಕ್ಷದವರ ಜೀಪು ಬಂದು ನಿಂತಿತು. ಅದರಲ್ಲಿ ಹೋಗುವುದು ಬೇಡವೆಂದು ಮೊದಲೇ ತೀರ್ಮಾನಿಸಿದ್ದೆವು. ಅಭ್ಯರ್ಥಿಯ ಕಡೆಯವರು ಮತದಾರರನ್ನು ಪುಕ್ಕಟೆ ವಾಹನದಲ್ಲಿ ಸಾಗಿಸುವುದು ಕಾನೂನಿನ ಪ್ರಕಾರ ಭ್ರಷ್ಟ ಆಚರಣೆ. ಅದಕ್ಕಿಂತ ಜಾಸ್ತಿ, ಆ ಜೀಪಿನಲ್ಲಿ ಕೂತ ಮೇಲೆ ಮಮತಾಳ ಓಟು ಅವಳದ್ದಾಗಿ ಉಳಿಯುತ್ತಿತ್ತಾ? ನಾವು ಹಣ ಒಟ್ಟು ಮಾಡಿ ಆಟೋ ಹೇಳಿದ್ದೆವು.

ಬೂತಿನಲ್ಲಿ ಮೊದಲು ಸರಸಕ್ಕ. ಪೋಲಿಂಗ್ ಆಫೀಸರ್ ಕ್ರಮಸಂಖ್ಯೆ ಹೇಳಿ "ಸರಸಮ್ಮ" ಎಂದು ಗಟ್ಟಿಯಾಗಿ ಓದಿದರು. ಸರಸಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಮುಂದೆ ಹೋದರು.

ಆಮೇಲೆ ಮಮತಾ. ಅವಳ ಎಡಗೈ ಬೆರಳುಗಳು ಯಾವಾಗಲೂ ಮುಷ್ಟಿಯಾಗಿಯೇ ಇರುತ್ತವೆ. ಶಾಯಿ ಹಾಕುವ ಆಫೀಸರ್ ಹೆಂಗಸು ತನ್ನ ಪೆನ್ನು, ಕಡ್ಡಿ ಎಲ್ಲ ಕೆಳಗಿಟ್ಟು, ಆ ಮುಷ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಬಿಡಿಸಿದರು. ತೋರುಬೆರಳು ಅರ್ಧ ಹೊರಗೆ ಬಂದಾಗ ಶಾಯಿ ಹಚ್ಚಿದರು. ಒಣಗುವವರೆಗೆ ಕೈ ಬಿಡಲಿಲ್ಲ. ಸಾಲಿನಲ್ಲಿ ಒಬ್ಬರು ಗೊಣಗಿದರು. "ಅವರ ಸಮಯ ಅವರು ತೆಗೆದುಕೊಳ್ಳಲಿ" ಎಂದರು ಪ್ರಿಸೈಡಿಂಗ್ ಆಫೀಸರ್. ಮರೆಯ ಹಿಂದೆ ಸರಸಕ್ಕ ಮಗಳ ಮೊಣಕೈಗೆ ಆಸರೆ ಕೊಟ್ಟರಂತೆ. ಒತ್ತಿದ್ದು ಅವಳೇ. ನಾವು ಬಾಗಿಲಿನ ಹೊರಗೆ ನಿಂತು ಆ ಉದ್ದದ ಬೀಪ್ ಕೇಳಿದೆವು.

ಹರಿ ಬಂದಿರಲಿಲ್ಲ. "ಇವತ್ತು ಇಲ್ಲೂ ಓಟು, ಅರ್ಧ ಜನ ಊರಿಗೆ ಹೋಗಿದ್ದಾರೆ, ಮಧ್ಯಾಹ್ನದ ಊಟ ಮುಗಿಸಿ ಹೋಗು" ಎಂದಿದ್ದರಂತೆ ಹೋಟೆಲಿನವರು. ಕಾನೂನು ತೋರಿಸಲು ಅವನಿಗೆ ಧೈರ್ಯ ಬರಲಿಲ್ಲ. ನಾಳೆಯೂ ಅಲ್ಲೇ ಕೆಲಸ ಮಾಡಬೇಕಲ್ವಾ? ಅಜ್ಜಿಯ ಜೊತೆ ರೇವತಿ ಒಳಗೆ ಹೋದಳು. ತನ್ನ ಓಟನ್ನೂ ಹಾಕಿ, ಅಜ್ಜಿಯ ಕೈ ಹಿಡಿದು ಬಂದಳು. ಹೆಸರು ವರ್ಗ ಮಾಡಿಸದೆ ಇದ್ದಿದ್ದರೆ ಆ ದಿನ ಅವಳು ವಿಟ್ಲದ ಕಡೆಯ ಬೂತಿನಲ್ಲಿ ಇರುತ್ತಿದ್ದಳು, ಅಜ್ಜಿ ಮನೆಯಲ್ಲೇ ಉಳಿಯುತ್ತಿದ್ದರು.

ಹರಿ ಮೂರೂವರೆಗೆ ಹೊರಟ. ತಲಪಾಡಿ ದಾಟಿದ ಮೇಲೆ ಹೆದ್ದಾರಿ ಕಾಮಗಾರಿ, ಬಸ್ಸು ತೆವಳಿತು. ಅಲ್ಲಿಂದ ಒಳಗಿನ ಬಸ್ಸಿಗೆ ಕಾದ. ಆರು ಗಂಟೆಗೆ ಸಾಲಿನಲ್ಲಿ ಇದ್ದವರಿಗೆಲ್ಲ ಚೀಟಿ ಕೊಟ್ಟು ಗೇಟು ಹಾಕಿದರು. ಹರಿ ಶಾಲೆಯ ಗೇಟಿಗೆ ಬಂದು ನಿಂತಾಗ ಆರೂ ಇಪ್ಪತ್ತು.

ನಾನು ಈಗ ಬೇರೆ ಮಾಡುವುದು

ಐದರಲ್ಲಿ ನಾಲ್ಕು ಓಟು. ಆ ನಾಲ್ಕರಲ್ಲಿ ಎರಡು, ಬಹುಶಃ ಮೂರು, ಚುನಾವಣೆ ಘೋಷಣೆಯಾದ ಮೇಲೆ ಓಡಾಡಿದ್ದರೆ ಸಿಗುತ್ತಿರಲಿಲ್ಲ. ನಾಮಪತ್ರದ ಕೊನೆಯ ದಿನ ಕಳೆದ ಮೇಲೆ ಪಟ್ಟಿಗೆ ಹೆಸರು ಸೇರಿಸಲು ಕಾನೂನೇ ಬಿಡುವುದಿಲ್ಲ. ಹಾಗಾಗಿ ನಮ್ಮ ಭಾನುವಾರದ ಓಡಾಟ ಈಗ ಚುನಾವಣೆಯೇ ಇಲ್ಲದ ಕಾಲದಲ್ಲಿ ನಡೆಯುತ್ತದೆ. ಮಲಯಾಳದ ಯಾವ ಕಾಗದ ಬಂದರೂ ವಾಚನಾಲಯಕ್ಕೆ ತನ್ನಿ ಎಂದು ಹೇಳಿದ್ದೇವೆ. ಹುಡುಗಿ ಓದಿ, ಅದರಲ್ಲಿ ಎಂತ ಇದೆ ಎಂದು ಒಂದು ಸಾಲು ಕನ್ನಡದಲ್ಲಿ ಬರೆದು ಅದಕ್ಕೇ ಚುಚ್ಚಿ ಕೊಡುತ್ತಾಳೆ. ಸರಸಕ್ಕನ ತಗಡಿನ ಪೆಟ್ಟಿಗೆಯಲ್ಲಿ ಈಗ ಅಂಥ ಏಳೆಂಟು ಚೀಟಿಗಳಿವೆ.

ಒಬ್ಬೊಬ್ಬರನ್ನೇ ಬಿಡಿಯಾಗಿ ನೋಡುವುದನ್ನೂ ಬಿಟ್ಟಿದ್ದೇವೆ. ಈ ಮನೆಯಲ್ಲಿ ಅಜ್ಜಿಯ ಓಟು ಹರಿಯ ರಜೆಗೆ ಗಂಟು ಬಿದ್ದಿತ್ತು, ರೇವತಿಯ ಓಟು ಹರಿಯ ಪಾಸ್‌ಬುಕ್ಕಿಗೆ. ಹರಿಯ ರಜೆಯ ವಿಷಯದಲ್ಲಿ ನಾನು ಮಾಡಿದ್ದು ಸಾಲದು. ಕಾಯ್ದೆಯ ಸೆಕ್ಷನ್ ಬರೆದು ಅವನ ಕೈಗೆ ಕೊಟ್ಟು ಕಳಿಸಿದೆ. ಆ ಚೀಟಿ ಹಿಡಿದು ಮಾಲೀಕನ ಮುಂದೆ ಒಬ್ಬನೇ ನಿಲ್ಲುವುದು ಎಷ್ಟು ಕಷ್ಟ ಎಂದು ಯೋಚಿಸಲಿಲ್ಲ. ಮೊದಲೇ ನಾನೇ ಮಂಗಳೂರಿಗೆ ಹೋಗಿ ಅವರ ಹತ್ತಿರ ಮಾತಾಡಬೇಕಿತ್ತು.

2025ರ ಡಿಸೆಂಬರ್ 11ಕ್ಕೆ ನಮ್ಮ ಜಿಲ್ಲೆಯಲ್ಲಿ ಪಂಚಾಯತ್ ಚುನಾವಣೆ ಬಂತು. ಪಟ್ಟಿ ಬೇರೆ ಎಂದು ಗೊತ್ತಿದ್ದ ಕಾರಣ ರೇವತಿ ಮತ್ತು ಮಮತಾಳ ಹೆಸರನ್ನು ಅದಕ್ಕೂ ಮೊದಲೇ ಸೇರಿಸಿದ್ದೆವು. ಹರಿಗೆ ಈ ಸಲ 135ಬಿ ಕೂಡ ಇರಲಿಲ್ಲ, ಅದು ಲೋಕಸಭೆ ಮತ್ತು ವಿಧಾನಸಭೆಗೆ ಮಾತ್ರ. ಮಂಗಳೂರಿನಲ್ಲಿ ಅದು ಮಾಮೂಲಿ ಗುರುವಾರ. ಅವನು ಹಿಂದಿನ ರಾತ್ರಿ ಕೊನೆಯ ಬಸ್ಸಿಗೆ ಬಂದ. ಬೆಳಿಗ್ಗೆ ಏಳಕ್ಕೆ ಬೂತು ತೆರೆಯುವಾಗ ಸಾಲಿನಲ್ಲಿ ಮೊದಲನೆಯವನು ಅವನೇ. ತೋಡಿನಲ್ಲಿ ಇನ್ನೂ ನೀರಿತ್ತು. ತಂಗಿಯನ್ನು ಬೆನ್ನ ಮೇಲೆ ಹೊತ್ತು ದಾಟಿಸಿದ. ಮಧ್ಯಾಹ್ನ ಊಟ ಮಾಡಿ ಮತ್ತೆ ಮಂಗಳೂರಿಗೆ ಹೊರಟ. ಆ ದಿನದ ಸಂಬಳ ಕಡಿತವಾಯಿತು.